ಗಂಗಾವತಿಯಲ್ಲಿ ಹೊಸ ಮನೆ ಹೂಡಿದ ಗಿರಿಜಾಳಿಗೆ, ಲೈಟ್ ಬಿಲ್ಲಿನ ಬಗ್ಗೆ

ರಾಯಚೂರು
ಯುಗಾದಿಯ ಮರುವಾರ

ಚಿರಂಜೀವಿ ಸೌಭಾಗ್ಯವತಿ ಗಿರಿಜಾಳಿಗೆ ನಿನ್ನ ದೊಡ್ಡವ್ವ ಮಾಡುವ ಅನೇಕ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನೀನೂ ಅಳಿಯಂದಿರೂ ಗಂಗಾವತಿಯ ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸಿ ನೆಲೆಯಾದ ಸುದ್ದಿ ಕೇಳಿ ಮನಸ್ಸು ತುಂಬಿತು.

ಮೊನ್ನೆ ಫೋನಿನಲ್ಲಿ ಲೈಟ್ ಬಿಲ್ಲಿನ ಮಾತು ಬಂದಾಗ, ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಟ್ಟಿಹೋಗುವಂತೆ ಆಟೋಪೇ ಮಾಡಿಬಿಟ್ಟರೆ ಪ್ರತಿ ತಿಂಗಳ ತಲೆನೋವು ತಪ್ಪುತ್ತದಲ್ಲವೇ ಎಂದು ನೀನು ಕೇಳಿದೆ. ಆಗ ನಾನು ಸುಮ್ಮನೆ ‘ಹೂಂ’ ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ಹಾಗೆ ಅಂದದ್ದು ಸರಿಯಲ್ಲ ಅನ್ನಿಸಿತು. ಏಕೆಂದರೆ ಅದೇ ಕೆಲಸವನ್ನು ನಾವು ಮಾಡಿ ನಷ್ಟ ಅನುಭವಿಸಿದ್ದೇವೆ. ಮನೆಯ ಖರ್ಚುಗಳಲ್ಲಿ ಲೈಟಿನದು ಕಣ್ಣಿಗೆ ಕಾಣದ ಖರ್ಚು. ಅಕ್ಕಿ ಮುಗಿದರೆ ಡಬ್ಬಿ ಹೇಳುತ್ತದೆ, ಎಣ್ಣೆ ಮುಗಿದರೆ ಬಾಟಲಿ ಹೇಳುತ್ತದೆ. ಕರೆಂಟ್ ಎಷ್ಟು ಖರ್ಚಾಯಿತೆಂದು ಹೇಳುವುದು ಮೀಟರ್ ಒಂದೇ, ಅದೂ ನಾವು ಅದರ ಮುಂದೆ ಹೋಗಿ ನಿಂತಾಗ ಮಾತ್ರ. ಆದ್ದರಿಂದ ಬಿಲ್ ಕಟ್ಟುವ ಯಾವ ದಾರಿಯನ್ನೇ ಹಿಡಿ, ರೂಪಾಯಿ ಖಾತೆಯಿಂದ ಹೋಗುವ ಮೊದಲು ಯೂನಿಟ್ಟಿನ ಅಂಕಿ ನಿಮ್ಮಿಬ್ಬರಲ್ಲಿ ಒಬ್ಬರ ಕಣ್ಣಿಗೆ ಬೀಳುವಂತಹ ದಾರಿಯಾಗಿರಲಿ.

ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. 2023ರ ಜುಲೈನಲ್ಲಿ ಮನೆಗಳಿಗೆ ಉಚಿತ ಕರೆಂಟ್ ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ ಜಾರಿಗೆ ಬಂದು, ಆಗಸ್ಟ್‌ನಿಂದ ಶೂನ್ಯ ಬಿಲ್ ಬರತೊಡಗಿತಲ್ಲ, ಅದಕ್ಕೆ 2022-23ರ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ ಪ್ರತಿ ಮನೆಗೂ ಒಂದು ಮಿತಿ ಕಟ್ಟಿದ್ದರು. ನಮ್ಮ ಮನೆಗೆ ಬಂದದ್ದು 118 ಯೂನಿಟ್. ತಿಂಗಳು ತಿಂಗಳು ಸೊನ್ನೆ ಕಂಡದ್ದೇ ಕಂಡದ್ದು, ನಾವು ಬಿಲ್ಲಿನ ಚೀಟಿಯನ್ನು ಬಿಡಿಸಿ ನೋಡುವುದನ್ನೇ ಬಿಟ್ಟೆವು. ಎಂದಾದರೂ ಹತ್ತಿಪ್ಪತ್ತು ರೂಪಾಯಿ ಬಂದರೆ ಕಟ್ಟಿಹೋಗಲಿ ಎಂದು ನಿನ್ನ ಅಣ್ಣ ಆಟೋಪೇ ಮಾಡಿಟ್ಟಿದ್ದ. 2024ರ ಮಾರ್ಚ್‌ನಲ್ಲಿ 131 ಯೂನಿಟ್ ಆಗಿ ಸಣ್ಣ ಮೊತ್ತ ಹೋಯಿತು, ಏಪ್ರಿಲ್‌ನಲ್ಲಿ 176 ಆಗಿ ಅದಕ್ಕಿಂತ ದೊಡ್ಡದು ಹೋಯಿತು. ಮನೆಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ಮೇ ತಿಂಗಳಲ್ಲಿ 207 ಯೂನಿಟ್ ಆಗಿ ಸಾವಿರದ ಐದುನೂರು ರೂಪಾಯಿಗೂ ಹೆಚ್ಚು ಒಂದೇ ಸಲ ಖಾತೆಯಿಂದ ಹೋದಾಗ ನಿನ್ನ ದೊಡ್ಡಪ್ಪ ಪಾಸ್‌ಬುಕ್ ಹಿಡಿದುಕೊಂಡು ಮೀಟರಿನ ಮುಂದೆ ಹೋಗಿ ನಿಂತರು.

ಈ ಯೋಜನೆಯ ಲೆಕ್ಕ ನಿನಗೆ ಸ್ಪಷ್ಟವಾಗಿರಬೇಕು. ನಿನ್ನ ಮಿತಿಯೊಳಗೆ ಬಳಸಿದರೆ ಸೊನ್ನೆ. ಮಿತಿ ದಾಟಿ 200ರೊಳಗೆ ಇದ್ದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ಹಣ. 200 ದಾಟಿತೆಂದರೆ ಆ ತಿಂಗಳು ಪೂರ್ತಿ ಬಿಲ್. ಅಂದರೆ ಕೊನೆಯ ಏಳೇ ಏಳು ಯೂನಿಟ್ಟಿಗಾಗಿ ನಾವು 207 ಯೂನಿಟ್ಟಿನ ಹಣ ಕಟ್ಟಿದೆವು. ಆ ವರ್ಷ ಯೂನಿಟ್ಟಿಗೆ 5 ರೂಪಾಯಿ 90 ಪೈಸೆ ದರವಿತ್ತು, ಅದರ ಮೇಲೆ ಕಿಲೋವಾಟ್ ಲೆಕ್ಕದ ನಿಗದಿತ ಶುಲ್ಕ, ಅದರ ಮೇಲೆ ತೆರಿಗೆ.

ಬಳಕೆ ಏಕೆ ಏರಿತೆಂದು ಹುಡುಕಿದಾಗ ಕೂಲರ್ ಒಂದು ಕಾರಣವಾಗಿತ್ತು. ಅದು ರಾಯಚೂರಿನ ಬೇಸಿಗೆಯಲ್ಲಿ ತಪ್ಪುವುದಿಲ್ಲ. 200 ವಾಟ್‌ನ ಕೂಲರ್ ದಿನಕ್ಕೆ ಹತ್ತು ತಾಸು ಓಡಿದರೆ ಎರಡು ಯೂನಿಟ್, ತಿಂಗಳಿಗೆ ಅರವತ್ತು. ಅದನ್ನು ಲೆಕ್ಕಕ್ಕೆ ಹಿಡಿದರೂ ಇನ್ನೂ ಮೂವತ್ತು ಯೂನಿಟ್ ಎಲ್ಲಿ ಹೋಯಿತೆಂಬುದು ತಿಳಿಯಲಿಲ್ಲ. ನಾನು ಎಂಟು ದಿನ ಬೆಳಿಗ್ಗೆ ಏಳು ಗಂಟೆಗೆ ಮೀಟರ್ ಓದಿ ಬರೆದೆ, ಅಂದಂದು ಏನೇನು ಓಡಿತೆಂಬುದನ್ನೂ ಪಕ್ಕದಲ್ಲಿ ಬರೆದೆ. ಆಗ ಕಂಡದ್ದು ಇದು: ದಿನಕ್ಕೊಮ್ಮೆ ಹಾಕುತ್ತಿದ್ದ ಸಂಪಿನ ಮೋಟರನ್ನು ಎರಡು ಸಲ ಹಾಕುತ್ತಿದ್ದೆವು. ಬೇಸಿಗೆ, ನೀರು ಹೆಚ್ಚು ಬೇಕಾಗುತ್ತದೆ ಎಂದು ಎಲ್ಲರೂ ತಿಳಿದಿದ್ದೆವು. ನಿಜವಾಗಿ ಹಿಂದಿನ ಬಚ್ಚಲಿನ ಫ್ಲಶ್ ಟ್ಯಾಂಕಿನ ವಾಷರ್ ಸವೆದು, ರಾತ್ರಿಯೆಲ್ಲ ಸದ್ದಿಲ್ಲದೆ ನೀರು ಜಿನುಗಿ ಮೇಲಿನ ಟಾಕಿ ಖಾಲಿಯಾಗುತ್ತಿತ್ತು. ಒಂದು ಎಚ್.ಪಿ. ಮೋಟರ್ ಒಂದು ತಾಸು ಹೆಚ್ಚು ಓಡಿದರೆ ಹೆಚ್ಚುಕಡಿಮೆ ಒಂದು ಯೂನಿಟ್. ತಿಂಗಳಿಗೆ ಅದೇ ಮೂವತ್ತು. ಆ ವಾಷರ್ ಬದಲಿಸಿದ್ದರೆ ಮೇ ತಿಂಗಳು 177ಕ್ಕೆ ನಿಲ್ಲುತ್ತಿತ್ತು, ಹೆಚ್ಚಿನ 59 ಯೂನಿಟ್ಟಿಗೆ ಮುನ್ನೂರೈವತ್ತರಷ್ಟು ಕಟ್ಟಿದ್ದರೆ ಸಾಕಾಗುತ್ತಿತ್ತು. ಎರಡು ತಿಂಗಳು ಮೊದಲೇ ಬಿಲ್ ಬಿಡಿಸಿ ನೋಡಿದ್ದರೆ ಇದೆಲ್ಲ ಆಗಲೇ ತಿಳಿಯುತ್ತಿತ್ತೆಂಬ ಸಂಕಟ ನನಗೆ ಇಂದಿಗೂ ಇದೆ.

ಆದ್ದರಿಂದ ಮೊದಲ ಒಂದು ವರ್ಷ ಆಟೋಪೇ ಮಾಡಬೇಡ ಎಂಬುದು ನನ್ನ ಮಾತು. ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಚಳಿಗಾಲ ಕಳೆದು ನಿಮ್ಮ ಮನೆಯ ಬಳಕೆ ಯಾವ ತಿಂಗಳು ಎಷ್ಟಿರುತ್ತದೆಂಬುದು ಕೈಗೆ ಸಿಕ್ಕ ಮೇಲೆ ಬೇಕಾದರೆ ಮಾಡಿಕೊಳ್ಳಿ. ಆಗಲೂ ಗರಿಷ್ಠ ಮೊತ್ತವನ್ನು ಕಡಿಮೆ ಇಡು. ಬಿಲ್ ಅದನ್ನು ದಾಟಿದರೆ ತಾನಾಗಿ ಹೋಗದೆ ನಿಂತು ನಿನ್ನನ್ನು ಕೇಳಲಿ. ಅಲ್ಲಿಯವರೆಗೆ ಬಿಲ್ಲಿನ ಚೀಟಿ ಕೈಯಲ್ಲಿ ಹಿಡಿದು, ಅದರಲ್ಲಿರುವ ಹಿಂದಿನ ಓದು, ಈಗಿನ ಓದು ಎರಡನ್ನೂ ನಾನು ಕಳುಹಿಸಿರುವ ವಹಿಯಲ್ಲಿ ನೀನು ಬರೆದಿಟ್ಟ ಮೀಟರ್ ಓದಿನೊಂದಿಗೆ ಹೋಲಿಸಿ, ಆಮೇಲೆ ಯುಪಿಐ ಮೂಲಕ ನೀನೇ ಕಟ್ಟು. ಐದು ನಿಮಿಷದ ಕೆಲಸ.

ಫೋನಿನಲ್ಲಿ ಕಟ್ಟುವಾಗ ಹತ್ತು ಅಂಕಿಯ ಖಾತೆ ಸಂಖ್ಯೆಯನ್ನು ಹಾಕಿದ ಮೇಲೆ ಮನೆ ಮಾಲೀಕರ ಹೆಸರು ತೆರೆಯ ಮೇಲೆ ಬರುತ್ತದೆ. ಆ ಹೆಸರನ್ನು ಓದದೆ ಮುಂದಕ್ಕೆ ಹೋಗಬೇಡ, ಒಂದು ಅಂಕಿ ತಪ್ಪಿದರೆ ಯಾರದೋ ಮನೆಯ ಬಿಲ್ ಕಟ್ಟಿದಂತಾಗುತ್ತದೆ. ಒಮ್ಮೊಮ್ಮೆ ಹಣ ಖಾತೆಯಿಂದ ಹೋಗಿ ಬಿಲ್ ಬಾಕಿ ಎಂದೇ ತೋರಿಸುತ್ತದೆ. ನಮಗೆ ಹಾಗಾದಾಗ ಗಾಬರಿಯಿಂದ ಎರಡನೆಯ ಸಲ ಕಟ್ಟಿದೆವು, ಮೊದಲನೆಯದು ಮುಂದಿನ ಬಿಲ್ಲಿಗೆ ಜಮೆಯಾಗಿ ಕುಳಿತಿತು. ನೀನು ವಹಿವಾಟಿನ ಸಂಖ್ಯೆಯಿರುವ ರಸೀದಿಯನ್ನು ಫೋನಿನಲ್ಲಿ ಉಳಿಸಿಕೊಂಡು ಎರಡು ದಿನ ತಡೆ. ಇದಕ್ಕೆ ಎಡೆಯಿರಬೇಕಾದರೆ ಕೊನೆಯ ದಿನಾಂಕಕ್ಕೆ ನಾಲ್ಕೈದು ದಿನ ಮೊದಲೇ ಕಟ್ಟಬೇಕು. ನಗದು ಕಟ್ಟುವುದಾದರೆ ನಮ್ಮ ಭಾಗದ ವಿದ್ಯುತ್ ಕಂಪನಿಯಾದ ಜೆಸ್ಕಾಂ ಕಚೇರಿಯ ಕೌಂಟರ್ ಇದೆ (ನಾವು ಹಳಬರು ಅದನ್ನು ಇನ್ನೂ ಕೆಇಬಿ ಎಂದೇ ಕರೆಯುತ್ತೇವೆ, 2002ರಿಂದ ಅದು ಜೆಸ್ಕಾಂ). ಹಣ ಕೊಟ್ಟ ಸ್ಥಳದಲ್ಲೇ ಮುದ್ರಿತ ರಸೀದಿ ಕೊಡದವರ ಕೈಗೆ ಬಿಲ್ಲಿನ ಹಣ ಕೊಡಬೇಡ; ಎಷ್ಟೇ ಪರಿಚಯದವರಾಗಿರಲಿ.

ಇನ್ನು ಮೀಟರ್ ಓದುವುದು. ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ ಸ್ನಾನ ಪೂಜೆ ಮುಗಿಸಿದ ಮೇಲೆ ಎಂದು ಇಟ್ಟುಕೋ. ಮೀಟರಿನ ಪರದೆಯ ಮೇಲೆ ಅಂಕಿಗಳು ಒಂದಾದ ಮೇಲೊಂದು ಬದಲಾಗುತ್ತಿರುತ್ತವೆ. ದಿನಾಂಕ, ವೇಳೆ, ವೋಲ್ಟ್ ಎಲ್ಲ ಬಂದುಹೋಗುತ್ತವೆ. ಪಕ್ಕದಲ್ಲಿ ಕೆಡಬ್ಲ್ಯುಎಚ್ (kWh) ಎಂದು ತೋರಿಸುವ ಅಂಕಿಯನ್ನು ಮಾತ್ರ ಬರೆದುಕೋ, ಅದೇ ಒಟ್ಟು ಯೂನಿಟ್. ಈ ವಾರದ ಅಂಕಿಯಿಂದ ಹೋದ ವಾರದ್ದನ್ನು ಕಳೆದು ಏಳರಿಂದ ಭಾಗಿಸಿದರೆ ದಿನದ ಬಳಕೆ. ತಿಂಗಳಿಗೆ 200 ಅಂದರೆ ದಿನಕ್ಕೆ ಆರೂವರೆಗಿಂತ ಸ್ವಲ್ಪ ಹೆಚ್ಚು. ಎರಡನೆಯ ವಾರದಲ್ಲೇ ದಿನಕ್ಕೆ ಏಳು ಕಂಡರೆ ಕೈ ಬಿಗಿ ಹಿಡಿಯಲು ಇನ್ನೂ ಹದಿನೈದು ದಿನ ಉಳಿದಿರುತ್ತವೆ. ಬಿಲ್ ಬಂದ ಮೇಲೆ ಏನೂ ಉಳಿದಿರುವುದಿಲ್ಲ.

ಅದೇ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಅದರ ಹತ್ತಿರ 3200 ಎಂದೋ 1600 ಎಂದೋ ಬರೆದಿರುತ್ತದೆ. 3200 ಎಂದಿದ್ದರೆ, ಅಷ್ಟು ಸಲ ಮಿನುಗಿದಾಗ ಒಂದು ಯೂನಿಟ್ ಆಯಿತೆಂದು ಅರ್ಥ. ಮನೆಯಲ್ಲಿ 75 ವಾಟ್‌ನ ಹಳೆಯ ಸೀಲಿಂಗ್ ಫ್ಯಾನ್ ಒಂದೇ ಓಡುತ್ತಿದ್ದರೆ ಅದು ಹದಿನೈದು ಸೆಕೆಂಡಿಗೊಮ್ಮೆ ಮಿನುಗುತ್ತದೆ. ಸಾವಿರ ವಾಟ್‌ನ ಇಸ್ತ್ರಿಪೆಟ್ಟಿಗೆ ಹಾಕಿದರೆ ಸೆಕೆಂಡಿಗೊಮ್ಮೆ ಎನ್ನುವಷ್ಟು ಅವಸರಪಡುತ್ತದೆ. ಒಂದು ಸಂಜೆ ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ಇನ್ವರ್ಟರನ್ನೂ ತೆಗೆದು, ನೀವಿಬ್ಬರೂ ಆ ದೀಪವನ್ನು ಹತ್ತು ನಿಮಿಷ ನೋಡಿ. ಆಗಲೂ ಮಿನುಗುತ್ತಲೇ ಇದ್ದರೆ ವೈರಿಂಗಿನಲ್ಲಿ ಎಲ್ಲೋ ಸೋರಿಕೆಯಿದೆ, ಇಲ್ಲವೇ ಇನ್ನೊಬ್ಬರ ಮನೆಯ ತಂತಿ ನಿಮ್ಮ ಮೀಟರಿಗೆ ಸೇರಿದೆ. ಬಾಡಿಗೆ ಮನೆಗಳಲ್ಲಿ ಹೊರಗಿನ ದೀಪವೋ, ಮಾಲೀಕರ ಮೋಟರೋ ಕೆಳಗಿನ ಮನೆಯ ಮೀಟರಿಗೆ ಕೂಡಿಕೊಂಡಿರುವುದುಂಟು. ಜಗಳಕ್ಕೆ ಹೋಗದೆ, ದೀಪ ಮಿನುಗುವುದನ್ನು ಮಾಲೀಕರಿಗೇ ತೋರಿಸಿ ಸರಿಮಾಡಿಸು.

ಬಾಡಿಗೆ ಮನೆಯ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಕೀಲಿಕೈ ತೆಗೆದುಕೊಂಡ ದಿನದ ಮೀಟರ್ ಓದು ಬರೆದುಕೊಂಡಿದ್ದೀಯಾ? ಇಲ್ಲದಿದ್ದರೆ ಮಾಲೀಕರನ್ನು ಕೇಳಿ ಹಿಂದಿನ ಬಿಲ್ಲಿನ ಪ್ರತಿಯನ್ನಾದರೂ ತೆಗೆದುಕೋ. ಹಿಂದಿದ್ದವರ ಬಾಕಿ ನಿಮ್ಮ ತಲೆಗೆ ಬರಬಾರದು. ಆ ಮೀಟರಿಗೆ ಹಿಂದಿನ ಬಾಡಿಗೆದಾರರ ಆಧಾರ್ ಜೋಡಣೆಯಾಗಿದ್ದರೆ ಅವರು ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅದನ್ನು ಬಿಡಿಸಬೇಕು, ಆಮೇಲೆ ನೀವು ನಿಮ್ಮ ಆಧಾರ್‌ನಿಂದ ಗೃಹಜ್ಯೋತಿಗೆ ನೋಂದಾಯಿಸಬೇಕು. ಹಿಂದಿನ ಬಳಕೆಯ ಲೆಕ್ಕವಿಲ್ಲದ ಹೊಸ ಸಂಪರ್ಕವಾದರೆ ರಾಜ್ಯದ ಸರಾಸರಿ 53ಕ್ಕೆ ಶೇಕಡಾ 10 ಸೇರಿಸಿ 58 ಯೂನಿಟ್ ಕೊಡುವ ಕ್ರಮ ಮಾಡಿದ್ದರು. ಅಷ್ಟೇ ಸಿಕ್ಕಿದರೂ ಬಿಡಬೇಡ; 150 ಯೂನಿಟ್ ಬಳಸಿದ ತಿಂಗಳು 92ಕ್ಕೆ ಮಾತ್ರ ಹಣ ಕಟ್ಟುವಂತಾಗುತ್ತದೆ.

ಹೊಸ ಫ್ಯಾನ್ ಕೊಳ್ಳುವ ಯೋಚನೆಯಿದ್ದರೆ ಕಡಿಮೆ ಕರೆಂಟಿನಲ್ಲಿ ತಿರುಗುವ ಬಿಎಲ್‌ಡಿಸಿ ಫ್ಯಾನನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಫ್ಯಾನ್ ದಿನಕ್ಕೆ ಇಪ್ಪತ್ತು ತಾಸಾದರೂ ತಿರುಗುತ್ತದೆ. ಹಳೆಯದು ತಿಂಗಳಿಗೆ 45 ಯೂನಿಟ್ ತಿಂದರೆ 28 ವಾಟ್‌ನ ಇದು 17ಕ್ಕೆ ಮುಗಿಸುತ್ತದೆ. ಏಸಿಯ ವಿಷಯದಲ್ಲಿ ಈ ವರ್ಷ ಅವಸರಪಡಬೇಡಿ.

ಗ್ಯಾಸನ್ನೂ ಅದೇ ವಹಿಯಲ್ಲಿ ಬರೆ. ಸಿಲಿಂಡರ್ ಹಚ್ಚಿದ ದಿನ, ಮುಗಿದ ದಿನ, ಅಷ್ಟು ಸಾಕು. ತಂದವರ ಮುಂದೆಯೇ ತೂಗಿಸು. ಸಿಲಿಂಡರ್ ಮೇಲೆ ಬರೆದ ಖಾಲಿ ತೂಕಕ್ಕೆ 14.2 ಕಿಲೋ ಕೂಡಿದಷ್ಟು ಇರಬೇಕು. ಫೋನಿಗೆ ಬಂದ ಸಂಕೇತ ಸಂಖ್ಯೆಯನ್ನು ಸಿಲಿಂಡರ್ ಮನೆಯೊಳಗೆ ಬಂದ ಮೇಲೆಯೇ ಹೇಳು.

ನನಗೆ ಹೆಚ್ಚು ಚಿಂತೆಯಿರುವುದು ಮೋಸದ ಸಂದೇಶಗಳ ಬಗ್ಗೆ. ‘ನಿಮ್ಮ ಬಿಲ್ ಬಾಕಿಯಿದೆ, ಇಂದು ರಾತ್ರಿ ಒಂಬತ್ತೂವರೆಗೆ ಕರೆಂಟ್ ಕಡಿಯಲಾಗುವುದು, ಈ ನಂಬರಿಗೆ ಫೋನ್ ಮಾಡಿ’ ಎಂದು ಬರುತ್ತದೆ. ಫೋನ್ ಮಾಡಿದರೆ ಯಾವುದೋ ಆ್ಯಪ್ ಹಾಕಿಕೊಳ್ಳಲು ಹೇಳುತ್ತಾರೆ. ಅದರಿಂದ ನಿನ್ನ ಫೋನಿನ ತೆರೆಯೇ ಅವರಿಗೆ ಕಾಣುತ್ತದೆ, ಖಾತೆ ಬರಿದಾಗುತ್ತದೆ. 2003ರ ವಿದ್ಯುತ್ ಕಾಯ್ದೆಯ 56ನೆಯ ಕಲಮಿನಂತೆ ಬಾಕಿಗಾಗಿ ಸಂಪರ್ಕ ಕಡಿಯಲು ಹದಿನೈದು ಪೂರ್ಣ ದಿನಗಳ ಲಿಖಿತ ಸೂಚನೆ ಕೊಡಬೇಕು. ಅದೇ ರಾತ್ರಿ ಕಡಿಯುತ್ತೇವೆಂಬ ಬೆದರಿಕೆ ಬಂದೊಡನೆ ಅದು ಸುಳ್ಳೆಂದು ತಿಳಿ. ಸಂಶಯವಿದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ನೀನೇ ಫೋನ್ ಮಾಡಿ ಕೇಳು. ಹಣ ಹೋಗಿಯೇಬಿಟ್ಟರೆ ನಾಚಿಕೆಪಟ್ಟು ಮುಚ್ಚಿಡದೆ ಆ ಕ್ಷಣವೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ದೂರು ಕೊಡು. ನಿನ್ನ ಅತ್ತೆಯವರ ಫೋನಿಗೂ ಇಂಥವು ಬರುತ್ತವೆ, ಅವರಿಗೂ ಇದನ್ನು ಸಮಾಧಾನದಿಂದ ತಿಳಿಸಿ ಹೇಳು.

ಬಿಲ್ ತಪ್ಪಾಗಿದೆ ಅನ್ನಿಸಿದರೂ ಕಟ್ಟದೆ ಕೂಡಬೇಡ. ಆಕ್ಷೇಪವನ್ನು ಬರೆದುಕೊಟ್ಟು, ಆಕ್ಷೇಪಕ್ಕೆ ಒಳಪಟ್ಟು ಕಟ್ಟಲು ಅದೇ ಕಲಮಿನಲ್ಲಿ ಅವಕಾಶವಿದೆ. ಅರ್ಜಿಯೊಂದಿಗೆ ನಿನ್ನ ವಹಿಯ ಎರಡು ಮೂರು ತಿಂಗಳ ಓದುಗಳನ್ನು ಲಗತ್ತಿಸಿದರೆ ಮಾತಿಗೆ ತೂಕ ಬರುತ್ತದೆ. ವಹಿಯಿಲ್ಲದೆ ಬರೀ ಬಾಯಿಮಾತಿನಿಂದ ‘ನಾವು ಅಷ್ಟು ಬಳಸಿಲ್ಲ’ ಎಂದರೆ ಯಾರು ಒಪ್ಪುತ್ತಾರೆ?

ಇದರೊಂದಿಗೆ ನೂರು ಪುಟದ ಒಂದು ವಹಿಯನ್ನು ನಿನ್ನ ಅಣ್ಣನ ಕೈಯಲ್ಲಿ ಕಳುಹಿಸಿದ್ದೇನೆ. ಮೊದಲ ಪುಟದಲ್ಲಿ ಗೆರೆ ಹಾಕಿ ತಾರೀಖು, ಮೀಟರ್ ಓದು, ಯೂನಿಟ್, ಷರಾ ಎಂದು ಬರೆದಿಟ್ಟಿದ್ದೇನೆ. ಬರುವ ಸೋಮವಾರದ ಓದನ್ನು ಬರೆದ ಮೇಲೆ ನನಗೊಂದು ಫೋನ್ ಮಾಡು. ಅಳಿಯಂದಿರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ದೊಡ್ಡವ್ವ