ಹೊಳೆದದ್ದು ಹಡಗಿನಲ್ಲಲ್ಲ

ಮಾನ್ಯರೇ,

ಕಳೆದ ವಾರ ತಮ್ಮ ವಿಜ್ಞಾನ ಪುಟದಲ್ಲಿ ಬಂದ ಡಾರ್ವಿನ್ ಕುರಿತ ಲೇಖನದಲ್ಲಿ, ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಗಳ ಫಿಂಚ್ ಎಂಬ ಪುಟ್ಟ ಹಕ್ಕಿಗಳ ಬಗೆಬಗೆಯ ಕೊಕ್ಕುಗಳನ್ನು ಕಂಡೊಡನೆ ಅವರಿಗೆ ಜೀವವಿಕಾಸದ ಸಿದ್ಧಾಂತ ಹೊಳೆಯಿತೆಂದು ಬರೆಯಲಾಗಿದೆ. ಪ್ರೌಢಶಾಲೆಯಲ್ಲಿ ಕಲಿಸುತ್ತಿದ್ದಾಗ ನಾನೂ ಕಪ್ಪುಹಲಗೆಯ ಮೇಲೆ ನಾಲ್ಕು ಕೊಕ್ಕು ಬರೆದು ಇದೇ ಪಾಠ ಒಪ್ಪಿಸಿದವನಾದ್ದರಿಂದ ಲೇಖಕರನ್ನು ದೂರುವ ಹಕ್ಕು ನನಗಿಲ್ಲ. ಆದರೆ ನಡೆದದ್ದು ಹಾಗಲ್ಲ.

1831ರ ಡಿಸೆಂಬರ್ 27ರಂದು ಡಾರ್ವಿನ್ ಅವರನ್ನು ಹೊತ್ತು ಇಂಗ್ಲೆಂಡಿನ ಪ್ಲಿಮತ್‌ನಿಂದ ಹೊರಟ ಬೀಗಲ್ ಹಡಗು ಗ್ಯಾಲಪಗೋಸ್ ಮುಟ್ಟಿದ್ದು 1835ರ ಸೆಪ್ಟೆಂಬರ್‌ನಲ್ಲಿ. ಅಲ್ಲಿ ಇದ್ದದ್ದು ಐದೇ ವಾರ. ಡಾರ್ವಿನ್ ಫಿಂಚ್‌ಗಳನ್ನು ಸಂಗ್ರಹಿಸಿದರು ನಿಜ, ಆದರೆ ಬಹುಪಾಲು ಹಕ್ಕಿಗಳಿಗೆ ಯಾವ ದ್ವೀಪದ್ದೆಂದು ಚೀಟಿ ಕಟ್ಟಲಿಲ್ಲ. ಅವೆಲ್ಲ ಒಂದೇ ಬಳಗದವೆಂಬುದೂ ಅವರಿಗೆ ಆಗ ತಿಳಿಯಲಿಲ್ಲ. ಆಮೆಯನ್ನು ನೋಡಿ ಯಾವ ದ್ವೀಪದ್ದೆಂದು ಹೇಳಬಲ್ಲೆನೆಂದು ಅಲ್ಲಿನ ಆಡಳಿತ ನೋಡಿಕೊಳ್ಳುತ್ತಿದ್ದ ನಿಕೋಲಸ್ ಲಾಸನ್ ತಿಳಿಸಿದ್ದರೂ, ಹಡಗಿಗೆ ಹೇರಿಕೊಂಡ ಆಮೆಗಳು ದಾರಿಯಲ್ಲಿ ಊಟವಾದವು, ಚಿಪ್ಪುಗಳು ಸಮುದ್ರ ಸೇರಿದವು. ಅದಕ್ಕೂ ಮೊದಲು ದಕ್ಷಿಣ ಅಮೆರಿಕದ ತೆಂಕಣ ತುದಿಯ ಪೆಟಗೋನಿಯಾದಲ್ಲಿ ನಡೆದದ್ದೂ ಇಂಥದ್ದೇ. ಉಷ್ಟ್ರಪಕ್ಷಿಯನ್ನು ಹೋಲುವ ರಿಯಾ ಹಕ್ಕಿಯ ಅಪರೂಪದ ಚಿಕ್ಕ ಜಾತಿಯೊಂದನ್ನು ತಾವು ಹುಡುಕುತ್ತಿದ್ದುದು ಡಾರ್ವಿನ್ ಅವರಿಗೆ ನೆನಪಾಗುವಷ್ಟರಲ್ಲಿ, ಹಡಗಿನ ಚಿತ್ರಕಾರ ಹೊಡೆದು ತಂದ ಅದೇ ಹಕ್ಕಿಯನ್ನು ಬೇಯಿಸಿ ತಿಂದಾಗಿತ್ತು. ಉಳಿದ ತಲೆ, ಕತ್ತು, ಕಾಲು, ರೆಕ್ಕೆಗಳನ್ನು ಆಯ್ದು ಲಂಡನ್ನಿಗೆ ಕಳಿಸಬೇಕಾಯಿತು.

ಅವರ ಮನಸ್ಸನ್ನು ಮೊದಲು ಕಲಕಿದ್ದು ಫಿಂಚ್ ಅಲ್ಲ, ಮಾಕಿಂಗ್‌ಬರ್ಡ್ ಎಂಬ ಇನ್ನೊಂದು ಹಕ್ಕಿ. ಎರಡನೆಯ ದ್ವೀಪದಲ್ಲಿ ಕಂಡದ್ದು ಮೊದಲನೆಯದರಂತಿಲ್ಲವೆಂದು ಗಮನಿಸಿ, ಆ ಹಕ್ಕಿಗಳಿಗೆ ಮಾತ್ರ ದ್ವೀಪದ ಹೆಸರು ಬರೆದಿಟ್ಟಿದ್ದರು. 1836ರ ಅಕ್ಟೋಬರ್‌ನಲ್ಲಿ ಊರು ಸೇರಿದ ಮೇಲೆ, ಮರುವರ್ಷದ ಜನವರಿಯಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಆ ಫಿಂಚ್‌ಗಳೆಲ್ಲ ಹತ್ತಿರದ ನಂಟಿನ ಬೇರೆಬೇರೆ ಜಾತಿಗಳೆಂದು ಗುರುತಿಸಿದಾಗ, ಯಾವುದು ಯಾವ ದ್ವೀಪದ್ದೆಂದು ತಿಳಿಯಲು ಡಾರ್ವಿನ್ ಅವರು ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಮತ್ತು ತಮ್ಮ ಸಹಾಯಕ ಕವಿಂಗ್ಟನ್ ಜೋಪಾನವಾಗಿ ಚೀಟಿ ಕಟ್ಟಿದ್ದ ಹಕ್ಕಿಗಳ ಮೊರೆಹೊಕ್ಕರು. ಜಾತಿಗಳು ಬದಲಾಗುವ ಬಗ್ಗೆ ಮೊದಲ ಟಿಪ್ಪಣಿ ಪುಸ್ತಕ ತೆರೆದದ್ದು 1837ರ ಜುಲೈಯಲ್ಲಿ. ಆ ವರ್ಷದ ಮಾರ್ಚ್‌ನಿಂದ ತಮ್ಮನ್ನು ಕಾಡಿದ್ದು ದಕ್ಷಿಣ ಅಮೆರಿಕದ ಪಳೆಯುಳಿಕೆಗಳು ಮತ್ತು ಗ್ಯಾಲಪಗೋಸ್‌ನ ಜೀವಜಾತಿಗಳು ಎಂದು ಅವರೇ ಬರೆದುಕೊಂಡಿದ್ದಾರೆ. ಪರಿಸರಕ್ಕೆ ಹೊಂದುವ ಜೀವಿಗಳೇ ಹೆಚ್ಚಾಗಿ ಉಳಿದು ಸಂತತಿ ಬೆಳೆಸುತ್ತವೆಂಬ ನಿಸರ್ಗದ ಆಯ್ಕೆಯ ಎಳೆ ಸಿಕ್ಕಿದ್ದು 1838ರಲ್ಲಿ, ಜನಸಂಖ್ಯೆ ಕುರಿತ ಅರ್ಥಶಾಸ್ತ್ರಜ್ಞ ಮಾಲ್ಥಸ್ ಅವರ ಬರಹ ಓದುವಾಗ. ಈ ಸಿದ್ಧಾಂತವನ್ನು ವಿವರಿಸುವ ಅವರ ಗ್ರಂಥ ಹೊರಬರಲು 1859 ಆಗಬೇಕಾಯಿತು.

ಕೊಕ್ಕಿನ ಕಥೆ ಇಷ್ಟು ಜನಪ್ರಿಯವಾದದ್ದು, 1947ರಲ್ಲಿ ಪಕ್ಷಿತಜ್ಞ ಡೇವಿಡ್ ಲ್ಯಾಕ್ ಈ ಫಿಂಚ್‌ಗಳ ಮೇಲೆ ಬರೆದ ಪುಸ್ತಕದ ನಂತರ. ಕೊಕ್ಕು ಸುಳ್ಳು ಸಾಕ್ಷಿಯೇನಲ್ಲ; 1973ರಿಂದ ಗ್ಯಾಲಪಗೋಸ್‌ನ ಡಾಫ್ನಿ ಮೇಜರ್ ದ್ವೀಪದಲ್ಲಿ ಅಧ್ಯಯನ ನಡೆಸಿದ ಜೀವವಿಜ್ಞಾನಿಗಳಾದ ಗ್ರಾಂಟ್ ದಂಪತಿ, 1977ರ ಬರದಲ್ಲಿ ಗಟ್ಟಿ ಬೀಜ ಒಡೆಯಬಲ್ಲ ದೊಡ್ಡ ಕೊಕ್ಕಿನವೇ ಹೆಚ್ಚಾಗಿ ಉಳಿದುದನ್ನು ಅಳತೆ ಸಮೇತ ತೋರಿಸಿದ್ದಾರೆ. ಆ ಕೀರ್ತಿ ಅವರಿಗೆ ಸಲ್ಲಬೇಕು.

ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಿಂದ 2023ರಲ್ಲಿ ವಿಕಾಸದ ಭಾಗವನ್ನು ತೆಗೆದ ಮೇಲೆ ಎಷ್ಟೋ ಮಕ್ಕಳು ಇದನ್ನು ಓದುವುದಾದರೆ ಪತ್ರಿಕೆಯಲ್ಲೇ ಓದಬೇಕು. ಆದಕಾರಣ ಮುಂದಿನ ವಾರದ ವಿಜ್ಞಾನ ಪುಟದಲ್ಲೇ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ವಿಜ್ಞಾನ ಶಿಕ್ಷಕ, ಶಿರಸಿ