ಕೂಗದೇ ಬರುವ ವ್ಯಾಪಾರಿಯ ಮೇಲೊಂದು ದೂರು

ಮಾನ್ಯ ಸಂಪಾದಕರೇ,

ಓದುಗರ ಪತ್ರಗಳ ಅಂಕಣದಲ್ಲಿ ಬಸ್ಸು ಬರಲಿಲ್ಲ, ನೀರು ಬರಲಿಲ್ಲ, ಬೀದಿ ದೀಪ ಉರಿಯುತ್ತಿಲ್ಲ ಅಂತ ದೂರುಗಳು ಬರುತ್ತಲೇ ಇರುತ್ತವೆ. ನನ್ನದು ವ್ಯಾಪಾರಿ ಬರಲಿಲ್ಲ ಅನ್ನೋ ದೂರು. ಅದೂ ವಿಡಿಯೊ ಗೇಮ್ ಒಳಗಿನ ವ್ಯಾಪಾರಿ. ನಗಬೇಡಿ. ಗೇಮ್ ಬಗ್ಗೆ ಪತ್ರಿಕೆಗಳಲ್ಲಿ ಬರುವುದೆಲ್ಲ ಮಕ್ಕಳ ಕಣ್ಣು ಹಾಳಾಯಿತು, ಓದು ಹಾಳಾಯಿತು ಅನ್ನೋದೇ. ಆಡುವವರಿಗೂ ಒಂದಿಷ್ಟು ಕಷ್ಟ ಸುಖ ಇರುತ್ತದೆ ಅಂತ ಯಾರೂ ಬರೆದದ್ದು ನಾನು ಕಂಡಿಲ್ಲ. ಸುಖದ ವಿಷಯ ಬಿಡಿ, ಕಷ್ಟ ಹೇಳುತ್ತೇನೆ.

ಸರ್ವೈವಲ್ ಗೇಮ್ ಗೊತ್ತಿಲ್ಲದವರಿಗೆ ಎರಡು ಮಾತು. ನಿಮ್ಮನ್ನು ಬರಿಗೈಯಲ್ಲಿ ಒಂದು ಕಾಡಿಗೆ ತಂದು ಬಿಡುತ್ತಾರೆ. ಮರ ಕಡಿಯಬೇಕು, ಕಲ್ಲು ಅಗೆಯಬೇಕು, ಗುಡಿಸಲು ಕಟ್ಟಬೇಕು, ಹೊಟ್ಟೆಗೆ ಏನಾದರೂ ಹುಡುಕಿಕೊಳ್ಳಬೇಕು, ಕತ್ತಲಾದರೆ ದೆವ್ವ ಪಿಶಾಚಿಗಳಿಂದ ಜೀವ ಉಳಿಸಿಕೊಳ್ಳಬೇಕು. ಎಲ್ಲವನ್ನೂ ಕೈಯಾರೆ ಮಾಡಿಕೊಳ್ಳುವ ಈ ಲೋಕದಲ್ಲಿ ಕೆಲವು ಸಾಮಾನು ಮಾತ್ರ ಎಷ್ಟು ಒದ್ದಾಡಿದರೂ ಹತ್ತಿರದಲ್ಲಿ ಸಿಗುವುದಿಲ್ಲ. ಅದಕ್ಕೇ ಆಟ ಮಾಡಿದವರು ಒಬ್ಬ ಅಲೆಮಾರಿ ವ್ಯಾಪಾರಿಯನ್ನು ಇಟ್ಟಿರುತ್ತಾರೆ. ನಮ್ಮ ಗೋಳು ಶುರುವಾಗುವುದೇ ಅವನಿಂದ.

ಮೈನ್‌ಕ್ರಾಫ್ಟ್ ಹೆಸರನ್ನು ನಿಮ್ಮ ಮನೆಯ ಮಕ್ಕಳ ಬಾಯಲ್ಲಿ ಕೇಳಿರುತ್ತೀರಿ. 2019ರ ಏಪ್ರಿಲ್‌ನಲ್ಲಿ ಬಂದ 1.14 ಅಪ್‌ಡೇಟ್‌ನಲ್ಲಿ ಅದಕ್ಕೊಬ್ಬ ವ್ಯಾಪಾರಿ ಬಂದ. ನೀಲಿ ನಿಲುವಂಗಿ, ದಪ್ಪ ಮೂಗು, ಹಗ್ಗ ಕಟ್ಟಿದ ಎರಡು ಲಾಮಾ. ಲಾಮಾ ಅಂದರೆ ದಕ್ಷಿಣ ಅಮೆರಿಕದ, ಒಂಟೆ ಜಾತಿಗೆ ಸೇರಿದ ಪ್ರಾಣಿ. ನಮ್ಮ ಗುಂಪಿನಲ್ಲಿ ಶಿವಮೊಗ್ಗದವನೊಬ್ಬ, ಡಬ್ಲಿನ್‌ನಲ್ಲಿ ಕೆಲಸ ಮಾಡುವವನೊಬ್ಬ, ನಾನೊಬ್ಬ, ರಾತ್ರಿ ಊಟ ಆದಮೇಲೆ ಒಟ್ಟಿಗೆ ಆಡಲು ಕೂರುತ್ತೇವೆ. ಕೂತವರ ಮೊದಲ ಮಾತು ಒಂದೇ: "ಬಂದನಾ?"

ಬರುವುದಿಲ್ಲ. ಯಾಕೆ ಬರುವುದಿಲ್ಲ ಅನ್ನೋದಕ್ಕೆ ಲೆಕ್ಕ ಇದೆ, ಕೇಳಿ. ಆಟದ ಒಂದು ದಿನ ಅಂದರೆ ನಮ್ಮ 20 ನಿಮಿಷ. ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಯಲ್ಲಿ ಪ್ರತಿ 20 ನಿಮಿಷಕ್ಕೊಮ್ಮೆ ಇವನನ್ನು ಕಳಿಸಬೇಕೋ ಬೇಡವೋ ಅಂತ ಆಟ ಒಂದು ಚೀಟಿ ಎತ್ತುತ್ತದೆ. ಮೊದಲ ಸಲ ಬರುವ ಸಾಧ್ಯತೆ ಶೇ 25. ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ಆ ಚೀಟಿ ಗೆದ್ದ ಮೇಲೆ ಇನ್ನೊಂದು ಚೀಟಿ ಇದೆ. ಅದರಲ್ಲಿ ಹತ್ತಕ್ಕೆ ಒಂದು. ಅಲ್ಲಿಗೆ ಶೇ 25 ಹೋಗಿ ಶೇ 2.5 ಆಯಿತು. ಅವತ್ತು ಬರದಿದ್ದರೆ ಮಾರನೇ ದಿನ ಶೇ 5, ಆಮೇಲೆ ಶೇ 7.5, ಅದರಿಂದ ಮೇಲಕ್ಕೆ ಏರುವುದಿಲ್ಲ. ಪೆನ್ನು ಕಾಗದ ಹಿಡಿದು ಕೂಡಿಸಿ ನೋಡಿದರೆ ಸರಾಸರಿ ಐದು ಗಂಟೆ ಆಟಕ್ಕೊಂದು ದರ್ಶನ. ಹಾಸಿಗೆ ಹಾಕಿ ಮಲಗಿ ರಾತ್ರಿಯನ್ನು ದಾಟಿಸಿಬಿಡೋಣ ಅಂದರೆ ಅದೂ ನಡೆಯುವುದಿಲ್ಲ. ನಿದ್ದೆಯಲ್ಲಿ ಸೂರ್ಯ ಮುಂದೆ ಓಡುತ್ತಾನೆ, ಇವನ ಗಡಿಯಾರ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಹೋಗಲಿ, ಬಂದ ಅಂತಲೇ ಇಟ್ಟುಕೊಳ್ಳಿ. ನಿಮ್ಮಿಂದ 48 ಬ್ಲಾಕ್ ಒಳಗೆ, ಅಂದರೆ ಆ ಲೋಕ ಕಟ್ಟಿರುವ ಚೌಕ ಇಟ್ಟಿಗೆಗಳ ಲೆಕ್ಕದಲ್ಲಿ, ಎಲ್ಲೋ ಒಂದು ಕಡೆ ಪ್ರತ್ಯಕ್ಷ ಆಗುತ್ತಾನೆ. ಪಕ್ಕದಲ್ಲಿ ಹಳ್ಳಿ ಇದ್ದರೆ ಅಲ್ಲಿನ ಗಂಟೆಯ ಹತ್ತಿರ. ಅಂದರೆ ಅವನನ್ನು ಹುಡುಕಿಕೊಂಡು ಊರೂರು ಅಲೆಯುವುದು ಶುದ್ಧ ದಂಡ, ಬರುವವನು ನಾವಿದ್ದಲ್ಲಿಗೇ ಬರುತ್ತಾನೆ. ಇದು ಗೊತ್ತಿದ್ದೂ ನಾವು ಬೆಟ್ಟ ಹತ್ತಿ ನೋಡುತ್ತೇವೆ, ಅದು ಬೇರೆ ವಿಷಯ. ತಮಾಷೆ ಏನೆಂದರೆ ಅವನು ಬರುವುದು ನೆಲದ ಮೇಲೆ. ನಾವಿರುವುದು ನೆಲದ ಕೆಳಗೆ, ಗಣಿಯಲ್ಲಿ, ವಜ್ರ ಅಗೆಯುತ್ತಾ. ಅವನು ನಮ್ಮ ತಲೆಯ ಮೇಲೆ 40 ನಿಮಿಷ ಅಡ್ಡಾಡಿ, ಯಾರೂ ಕೊಳ್ಳುವವರಿಲ್ಲ ಅಂತ ಮಾಯವಾಗುತ್ತಾನೆ. ನಾವು ಮೇಲೆ ಬಂದು "ಇವತ್ತೂ ಬರಲಿಲ್ಲ ಕಣೋ" ಅಂತ ಬೈದುಕೊಳ್ಳುತ್ತೇವೆ. ಬಂದು ಹೋಗಿದ್ದಕ್ಕೆ ಒಂದು ಗುರುತೂ ಉಳಿದಿರುವುದಿಲ್ಲ.

ಒಂದು ರಾತ್ರಿ ಕಣ್ಣಾರೆ ಕಂಡಿದ್ದು ಹೇಳಬೇಕು. ಗೋಧಿ ಹೊಲದ ಬೇಲಿ ಪಕ್ಕ ಎರಡು ಲಾಮಾ ನಿಂತಿದ್ದವು. ಅವುಗಳ ಕುತ್ತಿಗೆಯ ಹಗ್ಗ ಗಾಳಿಯಲ್ಲಿ ಮೇಲಕ್ಕೆ ಹೋಗಿ ಏನೂ ಇಲ್ಲದ ಕಡೆ ಮುಗಿದಿತ್ತು. ಈ ಪುಣ್ಯಾತ್ಮ ಕತ್ತಲಾದ ಕೂಡಲೇ ಮಾಯಾ ಮದ್ದು ಕುಡಿದು ಕಾಣದಂತೆ ಆಗಿಬಿಡುತ್ತಾನೆ, ದೆವ್ವಗಳ ಕಣ್ಣಿಗೆ ಬೀಳಬಾರದು ಅಂತ. ಬೆಳಗಾದರೆ ಹಾಲು ಕುಡಿದು ಮತ್ತೆ ಕಾಣಿಸಿಕೊಳ್ಳುತ್ತಾನೆ. ಲಾಮಾಗಳಿಗೆ ಮದ್ದೂ ಇಲ್ಲ, ಹಾಲೂ ಇಲ್ಲ. ನಾನು ಆ ಹಗ್ಗದ ತುದಿಯ ಹತ್ತಿರ ನಿಂತು ಖಾಲಿ ಗಾಳಿಯ ಮೇಲೆ ಮೌಸ್ ಒತ್ತುತ್ತಿದ್ದೆ. ಹಿಂದೆ ಬಂದು ನಿಂತ ಅಮ್ಮ "ಯಾರನ್ನೋ ಹುಡುಕ್ತಿದೀಯ?" ಅಂದರು. ವ್ಯಾಪಾರಿ ಅಂದೆ. "ಏನು ಬೇಕಿತ್ತು?" ಅಂಟುಂಡೆ ಅಂದೆ. "ಅಂಟಾ? ಮೇಜಿನ ಖಾನೆಯಲ್ಲಿ ಫೆವಿಕಾಲ್ ಇದೆಯಲ್ಲೋ" ಅಂದು ಲೈಟ್ ಆರಿಸಿ ಹೋದರು.

ಆ ಅಂಟುಂಡೆಗೆ ಅವನು ಕೇಳುವುದು 4 ಪಚ್ಚೆ. ಪಚ್ಚೆಯೇ ಆ ಲೋಕದ ದುಡ್ಡು. ಒಂದು ಪಚ್ಚೆ ಬೇಕಾದರೆ ಹಳ್ಳಿಯ ರೈತನಿಗೆ 20 ಗೋಧಿ ಹಾಕಬೇಕು. ಅಂದರೆ ಒಂದು ಉಂಡೆಗೆ 80 ಗೋಧಿ. ಒಂದು ಮರದ ಸಸಿಗೆ 5 ಪಚ್ಚೆ, ಅಂದರೆ 100 ಗೋಧಿ. ಇಷ್ಟು ಕೊಡಲೂ ನಾವು ತಯಾರು, ಆದರೆ ಬೇಕಾದ ದಿನ ಅವನ ಹತ್ತಿರ ಅದೇ ಇರುವುದಿಲ್ಲ. ಐದು ಗಂಟೆ ಕಾಯಿಸಿ ಬಂದವನು ಚೀಲ ಬಿಚ್ಚಿದರೆ ಕಬ್ಬು. ನಮ್ಮ ಮನೆ ಹಿಂದಿನ ಕೆರೆ ದಡದಲ್ಲಿ ಕಡಿದಷ್ಟೂ ಬೆಳೆಯುವ ಕಬ್ಬನ್ನೇ ನಮಗೆ ಮಾರಲು ಬರುತ್ತಾನೆ! 2025ರ ಮಾರ್ಚ್‌ನಲ್ಲಿ ಬಂದ ಅಪ್‌ಡೇಟ್ ಆದಮೇಲೆ ಸ್ವಲ್ಪ ಸುಧಾರಿಸಿದ್ದಾನೆ ಅನ್ನಬೇಕು. ಈಗ ಸಾಮಾನು ಜಾಸ್ತಿ ತರುತ್ತಾನೆ, ನಮ್ಮಿಂದ ನೀರಿನ ಬಾಟಲಿ, ಹುಲ್ಲಿನ ಹೊರೆ ಅಂತ ಕೊಳ್ಳುತ್ತಾನೆ ಕೂಡ.

ಇವನ ಮೇಲಿನ ಸಿಟ್ಟಿಗೆ ಆಟಗಾರರು ಕಂಡುಕೊಂಡ ದಾರಿ ಮಾತ್ರ ಒಳ್ಳೆಯದಲ್ಲ. ಬಹಳ ಜನ ಅವನ ಸಾಮಾನು ನೋಡುವುದೇ ಇಲ್ಲ. ಅವನನ್ನು ಹೊಡೆದು ಎರಡು ಹಗ್ಗ ಎತ್ತಿಕೊಂಡು ಹೋಗುತ್ತಾರೆ. ದನ ಕಟ್ಟಲು ಹಗ್ಗ ಬೇಕಲ್ಲ, ಮಾಡಿಕೊಳ್ಳುವುದಕ್ಕಿಂತ ಇದು ಸುಲಭ. ಲಾಮಾಗಳು ಪಾಪ ತಮಗೆ ತಿಳಿದಂತೆ ಮುಖಕ್ಕೆ ಉಗುಳುತ್ತವೆ. ಶಿವಮೊಗ್ಗದ ಗೆಳೆಯನಿಗೆ ಎಷ್ಟು ಹೇಳಿದರೂ ಈ ಚಾಳಿ ಬಿಟ್ಟಿಲ್ಲ. ಅಂಗಡಿಯವನನ್ನು ಹೊಡೆದು ತಕ್ಕಡಿ ಹೊತ್ತುಕೊಂಡು ಹೋಗುವುದು ಎಂಥ ನ್ಯಾಯ? ಉಗುಳಿಸಿಕೊಳ್ಳಲಿ.

ಇದು ಒಂದು ಆಟದ ಕಥೆ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಫಾಲ್‌ಔಟ್ 76ರಲ್ಲಿ ಗ್ರಾಮ್ ಅಂತ ಒಬ್ಬ ಹಸಿರು ಮೈಯ ದೈತ್ಯ, ಚಾಲಿ ಅನ್ನೋ ಎರಡು ತಲೆಯ ಹಸುವನ್ನು ಜೊತೆಗಿಟ್ಟುಕೊಂಡು ದಾರಿ ದಾರಿ ಅಲೆಯುತ್ತಾನೆ. ಅವನಿಗಾಗಿ ಜನ ಒಂದು ಸರ್ವರ್‌ನಿಂದ ಹೊರಬಿದ್ದು ಇನ್ನೊಂದಕ್ಕೆ ಹಾರುತ್ತಾ ರಾತ್ರಿ ಕಳೆಯುತ್ತಾರೆ. ವಾಲ್‌ಹೈಮ್ ಇನ್ನೂ ಚಂದ. 2021ರ ಫೆಬ್ರುವರಿಯಲ್ಲಿ ಬಂದ ಈ ಸ್ವೀಡನ್ ಆಟದಲ್ಲಿ ಹಾಲ್ಡರ್ ಅನ್ನೋ ಕುಳ್ಳ ವ್ಯಾಪಾರಿ ಇದ್ದಾನೆ. ಅವನು ಅಲೆಯುವುದಿಲ್ಲ, ಅಲೆಯುವವರು ನಾವು. ಕಪ್ಪು ಕಾಡಿನಲ್ಲಿ ಎಲ್ಲೋ ಒಂದು ಕಡೆ ಬಿಡಾರ ಹಾಕಿರುತ್ತಾನೆ, ಹತ್ತಿರ ಹೋಗುವವರೆಗೆ ನಕ್ಷೆಯಲ್ಲಿ ಗುರುತು ಬೀಳುವುದಿಲ್ಲ. ದೋಣಿ ಕಟ್ಟಿ ದ್ವೀಪ ದ್ವೀಪ ಸುತ್ತಬೇಕು. ಅವನ ಹತ್ತಿರ ಎಲ್ಲರಿಗೂ ಬೇಕಾದದ್ದು ಒಂದು ಸೊಂಟದ ಪಟ್ಟಿ. ಅದನ್ನು ಕಟ್ಟಿಕೊಂಡರೆ 300ರ ಬದಲು 450 ತೂಕ ಹೊರಬಹುದು. ಬೆಲೆ 950 ನಾಣ್ಯ. ಒಂದೊಂದು ನಾಣ್ಯದ ತೂಕ 0.1. ಅಂದರೆ ಹೊರುವ ಶಕ್ತಿ ಕೊಳ್ಳಲು ಹೊರಟವನು ಮೊದಲು 95 ತೂಕದ ದುಡ್ಡಿನ ಗಂಟು ಹೊತ್ತು ಸಮುದ್ರ ದಾಟಬೇಕು! ಇದನ್ನು ಯೋಚಿಸಿದವರಿಗೆ ಹಾಸ್ಯಪ್ರಜ್ಞೆ ಚೆನ್ನಾಗಿದೆ ಅಂತ ಒಪ್ಪುತ್ತೇನೆ. ಒಂದು ಸಲ ಸಿಕ್ಕರೆ ಅವನು ಆ ಜಾಗ ಬಿಟ್ಟು ಕದಲುವುದಿಲ್ಲ. ಅಷ್ಟಕ್ಕಾದರೂ ಅವನಿಗೊಂದು ನಮಸ್ಕಾರ.

ಇವರೆಲ್ಲರಲ್ಲಿ ಸ್ವಲ್ಪ ಮರ್ಯಾದೆ ಇರುವವನು ಟೆರಾರಿಯಾದ ಅಲೆಮಾರಿ ವ್ಯಾಪಾರಿ. ಅವನು ಬಂದ ಕೂಡಲೇ ಪರದೆಯ ಮೇಲೆ ಇಂಥವನು ಬಂದಿದ್ದಾನೆ ಅಂತ ಹೆಸರು ಸಮೇತ ಅಕ್ಷರ ಮೂಡುತ್ತದೆ. ಬರುವುದು ಬೆಳಗಿನ 4.30ರಿಂದ ಮಧ್ಯಾಹ್ನದ ಒಳಗೆ, ಹೊರಡುವುದು ಸಂಜೆ 6ಕ್ಕೆ. ಅಲ್ಲಿ ಆಟದ ಒಂದು ಗಂಟೆ ಅಂದರೆ ನಮ್ಮ ಒಂದು ನಿಮಿಷ, ಹಾಗಾಗಿ ಅಂಗಡಿ ತೆರೆದಿರುವುದು ಹೆಚ್ಚೆಂದರೆ ಹದಿಮೂರೂವರೆ ನಿಮಿಷ. ಸಾಮಾನು ದಿನಕ್ಕೊಂದು ಥರ, ಅದೂ ಅದೃಷ್ಟದ ಮೇಲೆ. ಅಲ್ಲಿ ಸೆಲ್ ಫೋನ್ ಅನ್ನೋ ಸಾಧನ ಜೋಡಿಸಿಕೊಳ್ಳಬೇಕು ಅಂದರೆ ಸ್ಟಾಪ್‌ವಾಚ್, ಡಿಪಿಎಸ್ ಮೀಟರ್, ಲೈಫ್‌ಫಾರ್ಮ್ ಅನಲೈಸರ್ ಅನ್ನೋ ಮೂರು ಬಿಡಿಭಾಗವನ್ನೂ ಇವನ ಹತ್ತಿರವೇ ಕೊಳ್ಳಬೇಕು. ಮೂರೂ ಒಂದೇ ದಿನ ತರಬೇಕು ಅನ್ನೋ ಆಸೆ ನನಗಿಲ್ಲ. ಒಂದಾದರೂ ತಾರಪ್ಪ ಅಂತ ಓಡಿ ಹೋದರೆ ಕಿಮೋನೊ ತಂದಿರುತ್ತಾನೆ. ಆದರೂ ಬಂದೆ ಅಂತ ಹೇಳಿ ಬಂದನಲ್ಲ!

ನನ್ನ ತಕರಾರು ಇಷ್ಟೇ. ವ್ಯಾಪಾರಿ ಅಪರೂಪಕ್ಕೆ ಬರಲಿ. ಕೇಳಿದಾಗೆಲ್ಲ ಬಂದು ಬೇಕಾದ್ದೆಲ್ಲ ಕೊಡುವಂತಿದ್ದರೆ ಗುಡ್ಡ ಗವಿ ಹೊಕ್ಕು ಹುಡುಕುವ ಕೆಲಸ ಯಾರಿಗೆ ಬೇಕು, ಆಟವೇ ಸಪ್ಪೆಯಾಗುತ್ತದೆ. ಅದು ಅರ್ಥವಾಗುತ್ತದೆ. ಚೀಟ್ ಹಾಕಿ ಅವನನ್ನು ಕರೆಸಲೂಬಹುದು, ಮರ್ಯಾದಸ್ಥರು ಹಾಗೆ ಮಾಡುವುದಿಲ್ಲ. ನನಗೆ ನುಂಗಲಾಗದ್ದು ಮೈನ್‌ಕ್ರಾಫ್ಟ್‌ನವನ ಮೌನ. ನಮ್ಮ ಬೀದಿಯ ಸೊಪ್ಪಿನಮ್ಮನ ದನಿ ಮೂರನೇ ಮಹಡಿಯ ಬಚ್ಚಲಮನೆವರೆಗೂ ಕೇಳುತ್ತದೆ, ಹಳೇ ಕಬ್ಬಿಣದವರು ಈಗ ರೆಕಾರ್ಡ್ ಮಾಡಿದ ಸ್ಪೀಕರನ್ನೇ ಗಾಡಿಗೆ ಕಟ್ಟಿಕೊಂಡು ಬರುತ್ತಾರೆ, ಯಾಕೆಂದರೆ ಕೂಗದಿದ್ದರೆ ವ್ಯಾಪಾರ ಆಗುವುದಿಲ್ಲ ಅಂತ ಅವರಿಗೆ ಗೊತ್ತು. ಇವನೋ, ಪಕ್ಕದಲ್ಲಿ ಹೋಗಿ ನಿಂತರೆ ಮೂಗಿನಲ್ಲಿ "ಹ್ಞೂಂ" ಅನ್ನುತ್ತಾನೆ. ಅಷ್ಟು ಹತ್ತಿರ ಹೋದಮೇಲೆ ಹ್ಞೂಂ ಯಾಕೆ, ಕಣ್ಣಿಗೇ ಕಾಣುತ್ತಾನಲ್ಲ.

ಪರಿಹಾರ ಆ ಆಟದೊಳಗೇ ಇದೆ. 2022ರಲ್ಲಿ ಅದಕ್ಕೆ ಮೇಕೆ ಕೊಂಬು ಸೇರಿಸಿದರು. ಮೇಕೆ ಬಂದು ಮರಕ್ಕೆ ಗುದ್ದಿದಾಗ ಬೀಳುವ ಕೊಂಬು. ಊದಿದರೆ 256 ಬ್ಲಾಕ್ ದೂರಕ್ಕೆ ಕೇಳಿಸುತ್ತದೆ. ವ್ಯಾಪಾರಿ ಬರುವುದು 48 ಬ್ಲಾಕ್ ಒಳಗೆ. ಅಂಥದ್ದೊಂದು ಕೊಂಬು ಅವನ ಕೈಗೆ ಕೊಟ್ಟು, ಬಂದ ಕೂಡಲೇ ಒಂದು ಸಲ, ಹೊರಡುವ ಮೊದಲು ಒಂದು ಸಲ ಊದಿಸಿದರೆ ಗಣಿಯ ತಳದಲ್ಲಿದ್ದವರಿಗೂ ಕೇಳುತ್ತದೆ. ಬೇಕಿದ್ದವರು ಗುದ್ದಲಿ ಬಿಟ್ಟು ಮೇಲೆ ಓಡಿ ಬರಲಿ, ಬೇಡದವರು ಅಗೆಯುತ್ತಿರಲಿ. ಹೊಸದಾಗಿ ಏನೂ ಮಾಡಬೇಕಾಗಿಲ್ಲ, ಕೊಂಬೂ ಅವರದೇ, ವ್ಯಾಪಾರಿಯೂ ಅವರವನೇ. ಬೆಂಗಳೂರಿನಲ್ಲಿ ಗೇಮ್ ಮಾಡುವ ಕಂಪನಿಗಳು ಎಷ್ಟೋ ಇವೆ, ಅಲ್ಲಿ ಕೂತು ಮುಂದಿನ ವ್ಯಾಪಾರಿಯ ಚಿತ್ರ ಬರೆಯುತ್ತಿರುವವರು ಈ ಪತ್ರ ಓದಿದರೆ ಅವನ ಕೈಯಲ್ಲಿ ಕೊಂಬೋ ಗಂಟೆಯೋ ಏನಾದರೂ ಬರೆಯಲಿ ಅನ್ನೋದು ನನ್ನ ಬೇಡಿಕೆ.

ಜಾಗ ಮಿಕ್ಕಿದ್ದರೆ ಇದೊಂದನ್ನೂ ಅಚ್ಚು ಮಾಡಿ. ಟೆರಾರಿಯಾದಲ್ಲಿ ಒಬ್ಬರ ಪಾತ್ರ ಇನ್ನೊಬ್ಬರ ಲೋಕಕ್ಕೆ ಹೋಗಿ ಸಾಮಾನು ಕೊಂಡು ಬರಬಹುದು. ನನಗೆ ಸ್ಟಾಪ್‌ವಾಚ್ ಒಂದು ಬಾಕಿ ಇದೆ. ಓದುಗರಲ್ಲಿ ಯಾರ ಲೋಕಕ್ಕಾದರೂ ಆ ವ್ಯಾಪಾರಿ ಅದನ್ನು ತಂದಿದ್ದರೆ ದಯವಿಟ್ಟು ಇದೇ ಅಂಕಣಕ್ಕೆ ಬರೆದು ತಿಳಿಸಿ. 5 ಚಿನ್ನದ ನಾಣ್ಯ ತಯಾರಿದೆ. ನಿಮ್ಮ ಪತ್ರ ಅಚ್ಚಾಗಿ ನಮ್ಮ ಮನೆ ತಲುಪುವ ಹೊತ್ತಿಗೆ ಅವನು ಹೊರಟಿರುತ್ತಾನೆ, ಆದರೂ ಬರೆಯಿರಿ.

ಇಂತಿ,
ನಿಮ್ಮ ಓದುಗ,
ಹಾಸನ