ನಮ್ಮ ಶಾಲೆಯ ಹೆಲಿಕಾಪ್ಟರ್ ಕೋಣೆಗೆ ಕೈಲಾದಷ್ಟು ಕೊಡಿ

ಹಳೆ ವಿದ್ಯಾರ್ಥಿಗಳಿಗೆ, ಪಾಲಕರಿಗೆ, ಊರಿನ ಹಿರಿಯರಿಗೆ ನಮಸ್ಕಾರ.

ವಿಷಯ ನೇರ ಹೇಳ್ಬಿಡ್ತೀವಿ. ನಮ್ಮ ಟ್ರಸ್ಟಿನ ಹೈಸ್ಕೂಲಲ್ಲಿ ಸೈನ್ಸ್ ಲ್ಯಾಬ್ ಪಕ್ಕದ ಕೋಣೆ ಖಾಲಿ ಬಿದ್ದಿದೆ, ಅದನ್ನ ಭಾರತೀಯ ನೌಕಾಪಡೆಯ ಒಂದು ಹೆಲಿಕಾಪ್ಟರ್ ಸ್ಕ್ವಾಡ್ರನ್ನಿನ, ಅಂದ್ರೆ ತುಕಡಿಯ, ಇತಿಹಾಸ ಹೇಳೋ ಕೋಣೆ ಮಾಡ್ಬೇಕು ಅಂತಿದೀವಿ, ಅದಕ್ಕೆ ದುಡ್ಡು ಬೇಕು. ಸ್ಕ್ವಾಡ್ರನ್ ಹೆಸರು ಐಎನ್‌ಎಎಸ್ 330, ಎಲ್ರೂ ಕರೆಯೋದು ಹಾರ್ಪೂನ್ಸ್ ಅಂತ. "ದೇವಸ್ಥಾನದ ಮಾಡು ಸೋರ್ತಾ ಇದೆ, ನಿಮ್ಗೆ ಹೆಲಿಕಾಪ್ಟರ್ ಯಾಕೆ" ಅಂತ ಮೀಟಿಂಗಲ್ಲೇ ಒಬ್ರು ಕೇಳಿದ್ರು. ಕೇಳೋದ್ರಲ್ಲಿ ತಪ್ಪಿಲ್ಲ. ನಮ್ಮ ಉತ್ತರ ಇಷ್ಟೇ, ಕಾರವಾರದಲ್ಲಿ ಕದಂಬ ನೌಕಾನೆಲೆ ಆಗಿ ಇಷ್ಟು ವರ್ಷ ಆಯ್ತು, ಅದಕ್ಕೆ ಜಾಗ ಬಿಟ್ಟುಕೊಟ್ಟ ಮನೆಗಳ ಮಕ್ಕಳೇ ನಮ್ಮಲ್ಲಿ ಓದ್ತಾ ಇದಾರೆ, ಬೀಚಿಗೆ ಹೋಗಿ ಮ್ಯೂಸಿಯಂ ಮಾಡಿರೋ ಚಪಲ್ ನೌಕೆ ಒಳಗೆ ಹತ್ತಿ ಇಳಿದಿದಾರೆ, ಪಕ್ಕದ ಟುಪೊಲೆವ್ ವಿಮಾನದ ಮುಂದೆ ಫೋಟೋ ತೆಗೆಸ್ಕೊಂಡಿದಾರೆ, ಆದ್ರೆ ತಲೆ ಮೇಲೆ ಹೆಲಿಕಾಪ್ಟರ್ ಹೋದಾಗ ಅದು ಸಮುದ್ರದ ಮೇಲೆ ಏನ್ ಮಾಡತ್ತೆ ಅಂತ ಕೇಳಿದ್ರೆ ಯಾರಿಗೂ ಗೊತ್ತಿಲ್ಲ. ಅದನ್ನ ಹೇಳಬಲ್ಲ ರಿಟೈರ್ಡ್ ನೇವಿಯವ್ರು ಇನ್ನೂ ನಮ್ಮ ಸುತ್ತಮುತ್ತ ಇದಾರೆ, ಅವ್ರಿಗೂ ವಯಸ್ಸಾಗ್ತಾ ಇದೆ. ದೇವಸ್ಥಾನದ ಮಾಡಿಗೆ ಬೇರೆ ಸಮಿತಿ ಇದೆ, ಅಲ್ಲಿಗೂ ಕೊಡಿ.

ಕಥೆ ಸ್ವಲ್ಪ ಹೇಳ್ತೀವಿ, ಯಾಕಂದ್ರೆ ಯಾವುದಕ್ಕೆ ದುಡ್ಡು ಕೊಡ್ತಿದೀವಿ ಅಂತ ಕೊಡೋರಿಗೆ ಗೊತ್ತಿರ್ಬೇಕು.

1960ರ ದಶಕದ ಕೊನೆಗೆ ಪಾಕಿಸ್ತಾನ ಫ್ರಾನ್ಸಿನಿಂದ ಡಾಫ್ನೆ ಅನ್ನೋ ಹೊಸ ಜಾತಿಯ ಸಬ್‌ಮರೀನ್ ತಗೊಳ್ತು, ಘಾಜಿ ಅನ್ನೋ ಇನ್ನೊಂದು ಸಬ್‌ಮರೀನ್ ಅವ್ರ ಹತ್ರ ಮೊದ್ಲೇ ಇತ್ತು. ಇವನ್ನ ಹುಡುಕೋಕೆ ಹಡಗು ಮಾತ್ರ ಸಾಲಲ್ಲ ಅಂತ ನಮ್ಮವ್ರು ಇಂಗ್ಲೆಂಡಿನ ವೆಸ್ಟ್‌ಲ್ಯಾಂಡ್ ಕಂಪನಿಯಿಂದ ಸೀ ಕಿಂಗ್ ಮಾರ್ಕ್ 42 ಹೆಲಿಕಾಪ್ಟರ್ ತರಿಸಿದ್ರು. ಮೂಲ ಡಿಸೈನ್ ಅಮೆರಿಕದ ಸಿಕೋರ್ಸ್ಕಿಯದು. ಈ ಅಮೆರಿಕದ ವಿಷಯ ನೆನಪಿಟ್ಕೊಳ್ಳಿ, ಮುಂದೆ ತಲೆನೋವು ಆಗಿದ್ದು ಇದೇ. 1971ರ ಏಪ್ರಿಲ್ 17ಕ್ಕೆ ಕೊಚ್ಚಿಯ ಐಎನ್‌ಎಸ್ ಗರುಡದಲ್ಲಿ 330 ಶುರುವಾಯ್ತು, ಅದೇ ಡಿಸೆಂಬರಲ್ಲಿ ಯುದ್ಧ ಬಂತು. ಮೆಷಿನ್ನೂ ಹೊಸದು, ಕೆಲ್ಸವೂ ಹೊಸದು, ಯುದ್ಧ ಮಾತ್ರ ಕಾಯ್ಲಿಲ್ಲ.

ಡಿಸೆಂಬರ್ 9ರ ರಾತ್ರಿ ದಿಯು ಹತ್ರ ಹಾಂಗೋರ್ ಅನ್ನೋ ಡಾಫ್ನೆ ಸಬ್‌ಮರೀನ್ ನಮ್ಮ ಖುಕ್ರಿ ಹಡಗನ್ನ ಮುಳುಗಿಸ್ತು. 18 ಆಫೀಸರ್‌ಗಳು, 176 ಸೇಲರ್‌ಗಳು ಹೋದ್ರು, ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರ್ಲಿಲ್ಲ, ಅವ್ರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಆಮೇಲೆ ದಿನಗಟ್ಟಲೆ ನಡೆದ ಹುಡುಕಾಟದಲ್ಲಿ ಸೀ ಕಿಂಗ್‌ಗಳೂ ಇದ್ವು. ಹಾಂಗೋರ್ ತಪ್ಪಿಸ್ಕೊಂಡು ಕರಾಚಿಗೆ ಹೋಯ್ತು. ಇದನ್ನೂ ಕೋಣೆಯಲ್ಲಿ ಬರೀತೀವಿ, ಗೆದ್ದಿದ್ದು ಮಾತ್ರ ಬರೆದ್ರೆ ಅದು ಇತಿಹಾಸ ಅಲ್ಲ ಜಾಹೀರಾತು.

ಈಗ ಆ ಹೆಲಿಕಾಪ್ಟರ್ ಏನ್ ಮಾಡ್ತಿತ್ತು ಅನ್ನೋದು. ನಮ್ಮ ಬೆಚ್ಚಗಿನ ಸಮುದ್ರದಲ್ಲಿ ಮೇಲಿನ ನೀರು ಬಿಸಿ, ಕೆಳಗೆ ಹೋದ ಹಾಗೆ ಒಮ್ಮೆಗೇ ತಂಪು, ಆ ಎರಡರ ಮಧ್ಯೆ ಶಬ್ದ ಬಾಗಿ ದಿಕ್ಕು ತಪ್ಪತ್ತೆ. ಹಡಗಿನ ತಳದಲ್ಲಿರೋ, ಶಬ್ದ ಕೇಳಿ ನೀರೊಳಗೆ ಹುಡುಕೋ ಸೋನಾರ್‌ಗೆ ಅದರ ಕೆಳಗೆ ಅಡಗಿರೋ ಸಬ್‌ಮರೀನ್ ಸರಿಯಾಗಿ ಕೇಳಲ್ಲ. ಸೀ ಕಿಂಗ್ ಏನ್ ಮಾಡತ್ತೆ ಅಂದ್ರೆ ನೀರಿನಿಂದ ಸುಮಾರು 40 ಅಡಿ ಮೇಲೆ ನಿಂತಲ್ಲೇ ನಿಂತು, ಬಾವಿಗೆ ಕೊಡ ಬಿಟ್ಟ ಹಾಗೆ ಕೇಬಲ್‌ನಲ್ಲಿ ಸೋನಾರ್ ಇಳಿಸತ್ತೆ, ಆ ಪದರದ ಕೆಳಗೆ ಹೋಗಿ ಕೇಳಿಸ್ಕೊಳ್ಳತ್ತೆ, ಎತ್ಕೊಂಡು ಇನ್ನೊಂದ್ ಕಡೆ ಹೋಗಿ ಮತ್ತೆ ಇಳಿಸತ್ತೆ. ಒಳಗೆ ನಾಲ್ಕು ಜನ, ಇಬ್ರು ಪೈಲಟ್, ಒಬ್ರು ಅಬ್ಸರ್ವರ್ (ದಾರಿ, ರಾಡಾರ್ ನೋಡಿ ಹುಡುಕಾಟ ನಡೆಸೋರು), ಒಬ್ರು ಸೋನಾರ್ ಆಪರೇಟರ್. ರಾತ್ರಿ ಹೊತ್ತು ಕಪ್ಪು ನೀರಿನ ಮೇಲೆ ಇದನ್ನ ಗಂಟೆಗಟ್ಟಲೆ ಮಾಡ್ಬೇಕು, ಹೊರಗೆ ಕಣ್ಣಿಗೆ ಏನೂ ಸಿಗಲ್ಲ, ಮೀಟರ್ ನಂಬ್ಕೊಂಡೇ ಹಾರಿಸ್ಬೇಕು. ನಮ್ಮ ಫಿಸಿಕ್ಸ್ ಮೇಷ್ಟ್ರಿಗೆ ಇದರ ಬಗ್ಗೆ ಹೇಳಿದ್ದೇ ತಡ, ಗಾಜಿನ ಟ್ಯಾಂಕಲ್ಲಿ ಕೆಳಗೆ ಉಪ್ಪುನೀರು ಮೇಲೆ ಸಿಹಿನೀರು ನಿಲ್ಲಿಸಿ ಲೇಸರ್ ಬಿಟ್ಟು ಕಿರಣ ಬಾಗೋದನ್ನ ಮಕ್ಕಳಿಗೆ ತೋರಿಸ್ತೀನಿ ಅಂತ ಕೂತಿದಾರೆ. ಟ್ಯಾಂಕ್ ಖರ್ಚು ಈ ಬಜೆಟ್ಟಲ್ಲೇ ಇದೆ.

1980ರ ದಶಕದಲ್ಲಿ ಹೊಸ ಮಾಡೆಲ್‌ಗಳು ಬಂದ್ವು. ತಾರಾಗಿರಿ, ವಿಂಧ್ಯಗಿರಿ ಅನ್ನೋ ಫ್ರಿಗೇಟ್‌ಗಳ ಚಿಕ್ಕ ಡೆಕ್ ಮೇಲೆ ಇಳಿಯೋಕೆ ಮಾರ್ಕ್ 42ಎ, ಹಡಗು ಅಲೆಗೆ ತೂಗ್ತಾ ಇದ್ರೂ ಹೆಲಿಕಾಪ್ಟರನ್ನ ಕೇಬಲ್ ಹಾಕಿ ಡೆಕ್ಕಿಗೆ ಎಳೆದು ಕೂರಿಸೋ ವ್ಯವಸ್ಥೆ ಇತ್ತು. ಆಮೇಲೆ ಮಾರ್ಕ್ 42ಬಿ, ಅದಕ್ಕೆ ಸೀ ಈಗಲ್ ಮಿಸೈಲ್ ಕಟ್ಟಿ ದೂರದಿಂದ್ಲೇ ಹಡಗು ಹೊಡೀಬಹುದಿತ್ತು. ಮಾಡೆಲ್ ನಂಬರ್‌ಗಳೆಲ್ಲ ಚಾರ್ಟಲ್ಲಿ ಬರತ್ತೆ, ಇಲ್ಲಿ ಬೇಡ.

1998ರಲ್ಲಿ ಪೋಖ್ರಾನ್ ಅಣುಪರೀಕ್ಷೆ ಆದ್ಮೇಲೆ ಅಮೆರಿಕ ನಿರ್ಬಂಧ ಹಾಕ್ತು, ಮೇಲೆ ಹೇಳಿದ್ವಲ್ಲ, ಸೀ ಕಿಂಗ್ ಪಾರ್ಟ್‌ಗಳು ಅಲ್ಲೇ ನಿಂತ್ವು. ಒಂದರ ಪಾರ್ಟ್ ಬಿಚ್ಚಿ ಇನ್ನೊಂದಕ್ಕೆ ಹಾಕಿ ನಡೆಸೋ ಕಾಲ ಅದು. ನಮ್ಮ ಪ್ರಕಾರ ಈ ಸ್ಕ್ವಾಡ್ರನ್ನಿನ ನಿಜವಾದ ಕಥೆ ಇಲ್ಲೇ ಇರೋದು, ಹ್ಯಾಂಗರ್ ಒಳಗೆ. ಪೈಲಟ್ ಫೋಟೋ ಪೇಪರಲ್ಲಿ ಬರತ್ತೆ, ಮೆಕ್ಯಾನಿಕ್ ಫೋಟೋ ಯಾರ್ ಹಾಕ್ತಾರೆ ಹೇಳಿ. ನಮ್ಮ ಟ್ರಸ್ಟಲ್ಲೇ ಒಬ್ರು ನೇವಿಯಲ್ಲಿ ಏರ್ ಮೆಕ್ಯಾನಿಕ್ ಆಗಿದ್ದೋರು ಇದಾರೆ. ಸಮುದ್ರದ ಮೇಲೆ ಹಾರಿ ಬಂದ ಹೆಲಿಕಾಪ್ಟರ್ ಮೈಮೇಲೆಲ್ಲ ಉಪ್ಪು ಕೂತಿರತ್ತೆ, ಪೈಲಟ್ ಇಳಿದು ಹೋದ್ಮೇಲೆ ಸಿಹಿನೀರಲ್ಲಿ ಪೂರ್ತಿ ತೊಳೀಬೇಕು, ಇಂಜಿನ್ ಒಳಗೂ ನೀರು ಬಿಟ್ಟು ತೊಳೀಬೇಕು, ಬೆರಳು ಹೋಗೋ ಕಡೆಗೆಲ್ಲ ಗ್ರೀಸ್ ಹಚ್ಚಬೇಕು, ಒಂದಿನ ಬಿಟ್ರೆ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಏಳತ್ತೆ ಅಂತಾರೆ. ಈಗ್ಲೂ ಅವ್ರು ಸಂಜೆ ತಮ್ಮ ಸ್ಕೂಟರ್ ಹಂಗೇ ತೊಳೀತಾರೆ, ನೋಡಿದೋರಿಗೆ ಗೊತ್ತು.

ಇನ್ನು ಜನ ಉಳಿಸಿದ ವಿಷಯ. 2009ರಲ್ಲಿ ಮುಂಬೈ ಕೊಲಾಬಾದ ಹೆಲಿಕಾಪ್ಟರ್ ನೆಲೆಗೆ ಐಎನ್‌ಎಸ್ ಶಿಕ್ರಾ ಅಂತ ಹೆಸರಾಯ್ತು, 330 ಇರೋದು ಅಲ್ಲಿ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯೋರು ಮರೆಯೋ ಹಾಗಿಲ್ಲ. ಅದೇ ಗಾಳಿಗೆ ಬಾಂಬೆ ಹೈ ತೈಲಕ್ಷೇತ್ರದ ಹತ್ರ ಪಿ305 ಅನ್ನೋ ಬಾರ್ಜ್ ಮುಳುಗ್ತು, 261 ಜನ ಇದ್ರು, ನೇವಿ ಹಡಗುಗಳು, ಸೀ ಕಿಂಗ್, ಚೇತಕ್ ಎಲ್ಲ ಸೇರಿ 186 ಜನ ಉಳಿದ್ರು. ಚೇತಕ್ ಅಂದ್ರೆ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮಾಡಿದ್ದು, ಇದನ್ನ ದೊಡ್ಡ ಅಕ್ಷರದಲ್ಲೇ ಬರೀತೀವಿ. ವಿಂಚ್‌ನಿಂದ ಎತ್ತೋದ್ರಲ್ಲಿ ಒಂದು ಸೂಕ್ಷ್ಮ ಇದೆ. ಹಾರೋ ಹೆಲಿಕಾಪ್ಟರ್ ಮೈಯಲ್ಲಿ ಕರೆಂಟ್ ತುಂಬಿರತ್ತೆ, ಅದಕ್ಕೆ ಇಳಿಬಿಟ್ಟ ಕೊಕ್ಕೆ ಮೊದ್ಲು ನೀರಿಗೆ ಮುಟ್ಬೇಕು, ಆಮೇಲೆ ಕೆಳಗಿನೋರು ಹಿಡೀಬೇಕು, ಆತುರಕ್ಕೆ ಮೊದ್ಲೇ ಕೈ ಹಾಕಿದ್ರೆ ಜೋರಾಗಿ ಹೊಡೆಯತ್ತೆ. ಮೀನುಗಾರಿಕೆಗೆ ಹೋಗೋ ಮನೆಗಳ ಮಕ್ಕಳಿಗೆ ಇದು ಬರೀ ಸ್ವಾರಸ್ಯ ಅಲ್ಲ, ತಿಳ್ಕೊಂಡಿರ್ಬೇಕಾದ ವಿಷಯ.

2024ರ ಮಾರ್ಚ್ 6ಕ್ಕೆ ಕೊಚ್ಚಿಯಲ್ಲಿ ಎಂಎಚ್-60ಆರ್ ಹೆಲಿಕಾಪ್ಟರ್‌ಗಳ 334 ಸ್ಕ್ವಾಡ್ರನ್ ಶುರುವಾಯ್ತು, ಸೀ ಕಿಂಗ್ ಇಷ್ಟು ವರ್ಷ ಮಾಡಿದ ಕೆಲ್ಸವನ್ನ ಇನ್ಮೇಲೆ ಅದು ನೋಡ್ಕೊಳ್ಳತ್ತೆ. ಅದಕ್ಕೂ ಮೊದ್ಲು 2020ರ ಸೆಪ್ಟೆಂಬರಲ್ಲಿ ಕುಮುದಿನಿ ತ್ಯಾಗಿ, ರೀತಿ ಸಿಂಗ್ ಅಂತ ಇಬ್ರು ಮಹಿಳಾ ಆಫೀಸರ್‌ಗಳು ಯುದ್ಧನೌಕೆಯಿಂದ ಹಾರೋ ಹೆಲಿಕಾಪ್ಟರ್‌ಗೆ ಅಬ್ಸರ್ವರ್ ಆಗಿ ಪಾಸಾದ್ರು. ಅವ್ರ ಫೋಟೋ ಬಾಗಿಲ ಎದುರಿಗೇ ಹಾಕಿ ಅಂತ ನಮ್ಮ ಹುಡುಗೀರು ಈಗ್ಲೇ ಆರ್ಡರ್ ಮಾಡಿದಾರೆ.

ದುಡ್ಡು ಯಾವುದಕ್ಕೆ ಅಂದ್ರೆ ಕೋಣೆಯ ವೈರಿಂಗ್, ಗಾಜಿನ ಕಪಾಟು, ಆ ಟ್ಯಾಂಕ್, ಚಾರ್ಟ್ ಪ್ರಿಂಟ್, ಮತ್ತೆ ರಿಟೈರ್ಡ್ ನೇವಿಯವ್ರ ಮಾತು ವಿಡಿಯೋ ಮಾಡಿ ಇಡೋದು. ಕೊನೇದು ಎಲ್ಲಕ್ಕಿಂತ ಅರ್ಜೆಂಟ್, ದುಡ್ಡು ಕಮ್ಮಿ ಬಂದ್ರೆ ಕಪಾಟು ಬಿಟ್ಟಾದ್ರೂ ಅದನ್ನ ಮಾಡ್ತೀವಿ. ನೂರು ರೂಪಾಯಿ ಕೊಟ್ರೂ ರಸೀದಿ ಇದೆ. 80ಜಿ ಟ್ಯಾಕ್ಸ್ ವಿನಾಯಿತಿ ಬೇಕಾದೋರು ನಗದು 2000 ರೂಪಾಯಿ ಮೇಲೆ ಕೊಡ್ಬೇಡಿ, ಚೆಕ್ ಅಥವಾ ಯುಪಿಐ ಮಾಡಿ, ಪ್ಯಾನ್ ನಂಬರ್ ಬರೆಸಿ, ಹೊಸ ಟ್ಯಾಕ್ಸ್ ರೆಜಿಮ್ ತಗೊಂಡೋರಿಗೆ ಅದು ಹೇಗೂ ಸಿಗಲ್ಲ. ಗಲ್ಫಲ್ಲಿ ಇರೋರು ಇಂಡಿಯನ್ ಪಾಸ್‌ಪೋರ್ಟ್ ಇದ್ರೆ ತಮ್ಮ ಸ್ವಂತ ಅಕೌಂಟಿಂದ ಕಳಿಸ್ಬಹುದು, ಬೇರೆ ದೇಶದ ಪಾಸ್‌ಪೋರ್ಟ್ ಆಗಿದ್ರೆ ದಯವಿಟ್ಟು ಬೇಡ, ವಿದೇಶಿ ದೇಣಿಗೆ ತಗೊಳ್ಳೋಕೆ ಬೇಕಾದ ಎಫ್‌ಸಿಆರ್‌ಎ ಅನುಮತಿ ನಮ್ಗಿಲ್ಲ.

ದುಡ್ಡೇ ಆಗ್ಬೇಕು ಅಂತಿಲ್ಲ. ಮನೆಯಲ್ಲಿ ನೇವಿಯಲ್ಲಿದ್ದ ಅಜ್ಜನ ಟೋಪಿ, ಹಳೆ ಫೋಟೋ, ಟೂಲ್ ಬಾಕ್ಸ್ ಇದ್ರೆ ಕೊಡಿ, ಕೊಡೋಕೆ ಮನಸ್ಸಿಲ್ಲ ಅಂದ್ರೆ ಸ್ಕ್ಯಾನ್ ಮಾಡ್ಕೊಂಡು ವಾಪಸ್ ಕೊಡ್ತೀವಿ. ಆಫೀಸಿನ ಕಾಗದಪತ್ರ, ನೆಲೆಯ ಒಳಗಿನ ಫೋಟೋ ಮಾತ್ರ ತರ್ಲೇಬೇಡಿ, ಅದು ನಮ್ಗೂ ತೊಂದ್ರೆ ನಿಮ್ಗೂ ತೊಂದ್ರೆ. ಶಾಲೆ ಆಫೀಸಿನ ಗೋಡೆ ಮೇಲಿರೋ ಕ್ಯೂಆರ್ ಕೋಡ್ ಒಂದೇ ನಮ್ಮದು, ನಮ್ಮ ಹೆಸರಲ್ಲಿ ವಾಟ್ಸಪ್‌ಗೆ ಬೇರೆ ಯಾವುದಾದ್ರೂ ಬಂದ್ರೆ ದುಡ್ಡು ಹಾಕ್ಬೇಡಿ, ಮೊದ್ಲು ಆಫೀಸಿಗೆ ಫೋನ್ ಮಾಡಿ ಕೇಳಿ.